ಮರಿಸಿದ್ದಯ್ಯ ಮೇಷ್ಟ್ರ ಆರು ಹೆಜ್ಜೆ

ಬಂಡೂರಿನ ಬೀದಿಯಲ್ಲಿ ಮರಿಸಿದ್ದಯ್ಯ ಮೇಷ್ಟ್ರು ನಡೆದು ಬರುವುದನ್ನು ಮೊದಲ ಸಲ ಕಂಡವರು, ಅಯ್ಯೋ ಪಾಪ, ಕಾಲು ಕುಂಟು ಎಂದುಕೊಳ್ಳುತ್ತಾರೆ. ಕುಂಟೂ ಅಲ್ಲ, ವಾಯುವೂ ಅಲ್ಲ. ಯಾವುದೋ ಉದ್ದನೆಯ ಇಂಗ್ಲಿಷ್ ಪದವನ್ನು ಬಾಯಲ್ಲಿ ಬಿಡಿಸಿಕೊಂಡು, ತುಂಡಿಗೊಂದು ಹಗುರ ಹೆಜ್ಜೆಯಿಟ್ಟು, ಒತ್ತು ಬೀಳುವ ಕಡೆ ಬಲವಾಗಿ ಊರಿ, ಪದ ಮುಗಿದಲ್ಲಿ ನಿಂತು ಉಸಿರೆಳೆದುಕೊಳ್ಳುವುದು ಅವರ ನಡಿಗೆ. ನಿವೃತ್ತರಾಗಿ ಹನ್ನೊಂದು ವರ್ಷವಾಯಿತು. ಬಿರುಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟಿನ ಜೇಬಿನಲ್ಲಿ ಸೀಮೆಸುಣ್ಣ ಮಾತ್ರ ಇನ್ನೂ ನಿವೃತ್ತವಾಗಿಲ್ಲ.

ಪಕ್ಕದ ಮನೆಯ ವೀಣ ಅವರ ಕೈಗೆ ಸಿಕ್ಕಿದ್ದು ಅವಳ ಗ್ರಹಚಾರ. ಮದ್ದೂರಿನ ಇಂಗ್ಲಿಷ್ ಶಾಲೆಯೊಂದರಲ್ಲಿ ಸೋಮವಾರ ಮಕ್ಕಳ ಮುಂದೆ ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಬೇಕಿತ್ತು. ಗೆದ್ದರೆ ಟೀಚರ್ ಕೆಲಸ, ಸೋತರೆ ಮತ್ತೆ ಗಾರ್ಮೆಂಟ್ಸು. ಹೇಳಿಸಿಕೊಳ್ಳಲೆಂದು ಅವಳು ಮೇಷ್ಟ್ರ ಬಳಿ ತಂದ ಪಾಠದ ಮೊದಲ ಸಾಲಿನಲ್ಲೇ ‘ರೆಸ್ಪಾನ್ಸಿಬಿಲಿಟಿ’ ಕೂತಿತ್ತು. ಮೇಷ್ಟ್ರು ಅಲ್ಲಿಂದ ಕದಲಲಿಲ್ಲ.

"ಬಿತ್ತನೆ ಕಬ್ಬು ಎಂಗ್ ಕಡೀತಾರೆ? ತುಂಡಿಗೊಂದು ಕಣ್ಣಿರ್ಬೇಕು, ಇಲ್ದಿದ್ರೆ ಮೊಳೀತದಾ? ಇಲ್ಲೂ ಅಂಗೇ ಕಣಮ್ಮ, ತುಂಡಿಗೊಂದು ಸ್ವರ. ಆರು ತುಂಡು. ನಾಕ್ನೇದ್ರ ಮೇಲೆ ಬಲವಾಗಿ ಊರು. ನಡಿ!"

ರೆ, ಸ್ಪಾನ್, ಸಿ, ಬಿ, ಲಿ, ಟಿ. ಮೂರು ದಿನ ಅಂಗಳದಲ್ಲಿ ಅವಳು ಆರಾರು ಹೆಜ್ಜೆ ನಡೆದಳು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮೇಷ್ಟ್ರ ಹೆಂಡತಿ ದೇವಿರಮ್ಮನಿಗೇ ತಡೆಯಲಾಗಲಿಲ್ಲ: "ಅಮ್ಮೀ ವೀಣ, ಮದ್ದೂರ್ ಗಂಟ ಇಂಗೇ ನಡ್ಕೊಂಡೋಯ್ತೀಯೋ, ಬಸ್ಸಿಗೋಯ್ತೀಯೋ?"

"ಸಾ, ಮಿಕ್ಕಿದ್ ಪಾಠ ಯಾವಾಗ ಸಾ?" ಎಂದು ವೀಣ ಗೋಗರೆದಳು.

"ಬುಡು, ಅದು ಬತ್ತದೆ. ಇನ್ನೊಂದ್ಸಲ ನಡಿ."

ಸೋಮವಾರ ಅವಳ ಬಾಯಲ್ಲಿ ಆ ಪದ ಹೂವೆತ್ತಿದಂತೆ ಬಂತು. ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನೇ ತಡವರಿಸಿದಾಗ ವೀಣಳ ಬುದ್ಧಿಗೆ ಏನು ಕವಿಯಿತೋ, ಬೆಂಚು ಸರಿಸಿ, ಮೂವತ್ತು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ನಡೆಸಿಬಿಟ್ಟಳು. ಪದ ಎಲ್ಲರಿಗೂ ಬಂತು. ಇಪ್ಪತ್ತು ನಿಮಿಷವೂ ಮುಗಿದಿತ್ತು. "ಪಾಠ ಒಂದು ಸಾಲೂ ದಾಟಲಿಲ್ವಲ್ಲಮ್ಮ" ಎಂದು ಮುಖ್ಯೋಪಾಧ್ಯಾಯಿನಿ ಅವಳ ಹೆಸರು ಹೊಡೆದುಹಾಕಿದರು.

ಬಸ್ಸಿಳಿದವಳು ಸೀದಾ ಅವರ ಅಂಗಳಕ್ಕೆ ಬಂದು ಕೂಗಿದಳು: "ನಿಮ್ಮಿಂದ ಕೆಲ್ಸ ಓಯ್ತು ಕಣ್ ಸಾ!"

ಮೇಷ್ಟ್ರು ನಡೆದುದೆಲ್ಲವನ್ನೂ ಕೇಳಿ, ಕನ್ನಡಕ ಒರೆಸಿಕೊಂಡು ಕೇಳಿದ್ದು ಒಂದೇ: "ಆ ಮಗೀಗೆ ಬಂತಾ?"

"ಬಂತು" ಎಂದಳು ವೀಣ, ಹಲ್ಲು ಕಚ್ಚಿ.

ಕಲಿಸುವುದರಲ್ಲೇ ಮುಳುಗಿಹೋದ ಇಂಥವರಿಗೆ, ಕಲಿತವರಿಗೊಂದು ಹೊಟ್ಟೆಪಾಡು ಇದೆಯೆಂದು ಯಾರು ತಿಳಿಯಹೇಳಬೇಕು? ಗಡಿಯಾರ ಹಿಡಿದು ಕೂತ ಲೋಕಕ್ಕೆ ಅವರು ನಮ್ಮನ್ನು ಅಣಿಗೊಳಿಸುವುದಿಲ್ಲ. ಬಾಯಿತುಂಬ ಬೈದು ಬಂದ ಮೇಲೂ, ಅವರು ತಿದ್ದಿದ್ದನ್ನು ಮತ್ತೆ ತಪ್ಪಾಗಿ ಆಡಲು ನಮ್ಮ ನಾಲಗೆ ಮಾತ್ರ ಒಪ್ಪುವುದಿಲ್ಲ.