ಮುನ್ನೂರ ಹನ್ನೆರಡು ಸವೆದ ಪೊರಕೆ

ಒಂದು ಪೊರಕೆಯ ಬೆಲೆಗೆ ಎರಡು ಲೋಟ ಕಾಫಿ ಬರುತ್ತಿತ್ತು. ಯಂತ್ರದ ಉರುಳೆ ಸರಾಗವಾಗಿ ತಿರುಗಲು ಹಾಕುವ ಒಂದು ಬೇರಿಂಗಿನ ಬೆಲೆಗೆ ತೊಂಬತ್ತು ಪೊರಕೆ. ಬೇರಿಂಗಿಲ್ಲದೆ ಯಂತ್ರ ಒಂದು ದಿನ ನಿಂತರೆ ಆಗುವ ನಷ್ಟಕ್ಕೆ ಊರಿನ ಬೀದಿಗಳನ್ನೆಲ್ಲ ವರ್ಷಪೂರ್ತಿ ಗುಡಿಸುವಷ್ಟು ಪೊರಕೆ. ಈ ಲೆಕ್ಕ ಆ ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಉಗ್ರಾಣದಕ್ಕನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಹತ್ತೊಂಬತ್ತು ವರ್ಷದಿಂದ ಬಿಡಿಭಾಗಗಳ ಉಗ್ರಾಣ ಅವಳ ಕೈಯಲ್ಲಿತ್ತು. ಯಂತ್ರ ರಿಪೇರಿ ಮಾಡುವ ಫಿಟ್ಟರುಗಳ ಬುದ್ಧಿ ಅವಳಿಗೆ ಗೊತ್ತು. ಒಂದು ಬೇರಿಂಗ್ ಬೇಕಾದರೆ ಆರು ಕೇಳುತ್ತಾರೆ, ಐದನ್ನು ಮೇಜಿನ ಡ್ರಾಯರಿನಲ್ಲಿ ತುಕ್ಕು ಹಿಡಿಸುತ್ತಾರೆ. ಅದಕ್ಕೇ ಅವಳು ಉಗ್ರಾಣದ ಕಂಪ್ಯೂಟರಿನಲ್ಲಿ ಬೇರಿಂಗ್ ಎಂದು ಎರಡನ್ನು ಮಾತ್ರ ಬರೆದು, ಉಳಿದದ್ದಕ್ಕೆ 'ಸವೆದ ಪೊರಕೆ' ಎಂದು ಹೆಸರಿಟ್ಟಿದ್ದಳು. ಸವೆದ ಪೊರಕೆಯನ್ನು ಯಾರು ಕೇಳುತ್ತಾರೆ? ಫಿಟ್ಟರ್ ಬಂದು ಸ್ಟೂಲಿನ ಮೇಲೆ ಕೂತು, "ಅಕ್ಕಾ, ಒಂಚೂರು ಹುಡುಕಿ ನೋಡಿ" ಎಂದು ಗೋಗರೆದು, ಯಂತ್ರದ ಕಥೆ, ಮನೆಯ ಕಥೆ ಎಲ್ಲ ಹೇಳಿದ ಮೇಲೆ ಅವಳು ಒಳಗೆ ಹೋಗಿ, "ನಿನ್ನ ಅದೃಷ್ಟ, ಒಂದು ಸಿಕ್ತು ನೋಡು" ಎಂದು ತಂದುಕೊಡುತ್ತಿದ್ದಳು.

ಎಲ್ಲ ಸುಖವಾಗಿಯೇ ಇತ್ತು, ಪೋರ್ಟಲ್ ಬರುವ ತನಕ.

ಅದುವರೆಗೆ ಉಗ್ರಾಣ, ಗಾಡಿ, ಕ್ಯಾಂಟೀನು, ಕಚೇರಿ ಎಲ್ಲಕ್ಕೂ ಒಂದೊಂದು ಬೇರೆ ತಂತ್ರಾಂಶ. ಒಬ್ಬರದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಈಗ ಎಲ್ಲವನ್ನೂ ಒಂದೇ ಜಾಲತಾಣಕ್ಕೆ ತಂದು ಕೂಡಿಸಿದ್ದರು. ಕೂಡಿಸಿದವಳು ಬೇರೆ ಯಾರೂ ಅಲ್ಲ, ಅದೇ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದ ಅವಳ ನಾದಿನಿ. ಸೋಮವಾರ ಪೋರ್ಟಲ್ ತೆರೆಯಿತು. ಮಂಗಳವಾರ ನಾದಿನಿ ಊಟದ ಡಬ್ಬಿ ಹಿಡಿದು ಉಗ್ರಾಣಕ್ಕೆ ಬಂದಳು.

"ಅತ್ತಿಗೆ, ನಮ್ಮಲ್ಲಿ ಗುಡಿಸೋರು ಎಷ್ಟು ಜನ?"

"ಮೂವರು. ಯಾಕೆ?"

"ಮುನ್ನೂರ ಹನ್ನೆರಡು ಸವೆದ ಪೊರಕೆ ಇಟ್ಕೊಂಡಿದ್ದೀರಲ್ಲ, ಪ್ರದರ್ಶನಕ್ಕೆ ಇಡ್ತೀರೇನೋ ಅಂತ. ಮ್ಯಾನೇಜರ್ ಪೋರ್ಟಲ್‌ನಲ್ಲಿ ನೋಡಿ ಬಿದ್ದು ಬಿದ್ದು ನಕ್ಕರು. ಶುಕ್ರವಾರ ಗುಜರಿ ಲಾರಿಗೆ ಹೇಳಿದ್ದಾರೆ."

ಅತ್ತಿಗೆ ಒಳಗಿಂದ ಒಂದು ಪೆಟ್ಟಿಗೆ ತಂದು, ಎಣ್ಣೆಕಾಗದ ಬಿಡಿಸಿ, ಫಳಫಳ ಹೊಳೆಯುವ ಬೇರಿಂಗನ್ನು ನಾದಿನಿಯ ಡಬ್ಬಿಯ ಪಕ್ಕದಲ್ಲಿಟ್ಟಳು.

"ಇದು ಪೊರಕೆನಾ?"

"ಗುಡಿಸಿ ನೋಡು."

ನಾದಿನಿ ಡಬ್ಬಿಯ ಮುಚ್ಚಳ ಹಾಕಿದಳು. "ಹೋಗಿ ನಿಜ ಹೇಳಿಬಿಡಿ ಅತ್ತಿಗೆ."

"ಹೇಳಿದ್ರೆ ಹತ್ತೊಂಬತ್ತು ವರ್ಷ ಸುಳ್ಳು ಬರೆದವಳು ಅಂತ ಮನೆಗೆ ಕಳಿಸ್ತಾರೆ. ಹೇಳದಿದ್ರೆ ಇದೆಲ್ಲ ಕಬ್ಬಿಣದ ತೂಕಕ್ಕೆ ಹೋಗುತ್ತೆ, ಯಂತ್ರ ನಿಲ್ಲುತ್ತೆ." ಅವಳು ಬೇರಿಂಗನ್ನು ಮಗುವನ್ನು ಸುತ್ತಿದ ಹಾಗೆ ಮತ್ತೆ ಸುತ್ತಿದಳು. ಸುತ್ತುತ್ತಲೇ ಕೈ ನಿಲ್ಲಿಸಿದಳು. "ಅಲ್ಲಾ, ಈ ಕಂಪನಿಯಲ್ಲಿ ನಾನೊಬ್ಬಳೇ ಜಾಣೆ ಅಂದ್ಕೊಳ್ಳೋಷ್ಟು ದಡ್ಡಿ ನಾನಲ್ಲ. ಮುರಿದದ್ದು, ಹರಿದದ್ದು, ತೂತಾದದ್ದು, ಎಲ್ಲಾ ವಿಭಾಗದ್ದೂ ಒಂದೇ ಕಡೆ ತೋರಿಸುತ್ತಾ ನಿನ್ನ ಪೋರ್ಟಲ್ಲು?"

"ಅದಕ್ಕೇ ತಾನೆ ಅದನ್ನ ಮಾಡಿರೋದು."

ನಾದಿನಿ ಹುಡುಕಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಅರಳಿತು.

ಗುರುವಾರದ ಸಭೆಯಲ್ಲಿ ಮ್ಯಾನೇಜರ್ ಪೋರ್ಟಲನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಪೊರಕೆಯ ವಿಷಯ ಎತ್ತಿ, ಎಲ್ಲರನ್ನೂ ನಗಿಸಿದರು. ನಗು ಮುಗಿಯುವ ತನಕ ಉಗ್ರಾಣದಕ್ಕ ಕಾದಳು.

"ತಪ್ಪು ನಂದೇ ಸರ್. ಆದ್ರೆ ಲಾರಿ ಹೇಗೂ ಬರುತ್ತಲ್ಲ, ಬರೀ ಪೊರಕೆ ಯಾಕೆ? ಎಲ್ಲರ ಹತ್ರ ಇರೋ ಹಾಳುಮೂಳು ಒಟ್ಟಿಗೇ ಹೋಗಲಿ."

"ಒಳ್ಳೇ ಮಾತು," ಎಂದರು ಮ್ಯಾನೇಜರ್.

ನಾದಿನಿ ಗುಂಡಿ ಒತ್ತಿದಳು. ಪಟ್ಟಿ ಗೋಡೆ ತುಂಬಾ ಹರಡಿತು. ಮ್ಯಾನೇಜರ್ ಗಟ್ಟಿಯಾಗಿ ಓದಿದರು. "ಗಾಡಿ ವಿಭಾಗ, ತೂತಾದ ಟೈರು, ಹದಿನಾಲ್ಕು." ಗಾಡಿ ವಿಭಾಗದವನಿಗೆ ಕೆಮ್ಮು ಹತ್ತಿತು. "ಕ್ಯಾಂಟೀನು, ತಳ ಹೋದ ಪಾತ್ರೆ, ನಲವತ್ತು." ಅಡುಗೆಯವನು ಕಿಟಕಿಯಾಚೆ ಏನನ್ನೋ ನೋಡತೊಡಗಿದ. "ಮ್ಯಾನೇಜರ್ ಕಚೇರಿ, ಕಾಲು ಮುರಿದ ಕುರ್ಚಿ, ಇಪ್ಪ..." ಮ್ಯಾನೇಜರರ ದನಿ ಅಲ್ಲಿಗೇ ಕುಸಿಯಿತು. ಹೊಸ ಕುರ್ಚಿ ಕಂಡರೆ ಮುಖ್ಯ ಕಚೇರಿಯವರು ಎತ್ತಿಕೊಂಡು ಹೋಗುತ್ತಾರೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

"ಇವುಗಳಲ್ಲಿ ಕೆಲವು," ಎಂದರು ಅವರು ಕನ್ನಡಕ ಒರೆಸುತ್ತಾ, "ಅಷ್ಟೇನೂ ಕೆಟ್ಟಿರಲಿಕ್ಕಿಲ್ಲ."

"ನನ್ನ ಪೊರಕೆಗಳಲ್ಲೂ ಕೆಲವು ಹಾಗೇ ಇರಬಹುದು ಸರ್."

ಮ್ಯಾನೇಜರ್ ಅವಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಲಾರಿಯನ್ನು ಒಂದು ವಾರ ಮುಂದಕ್ಕೆ ಹಾಕಿದರು. ಅಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಸಾಮಾನಿನ ಹೆಸರು ಸರಿಮಾಡಬೇಕು, ಯಾರೂ ಯಾರನ್ನೂ ಏನೂ ಕೇಳಬಾರದು ಎಂದು ಸಭೆ ಮುಗಿಸಿದರು.

ಮುಂದಿನ ಶುಕ್ರವಾರ ಲಾರಿ ಬಂತು. ಇಡೀ ಕಾರ್ಖಾನೆಯಿಂದ ಅದಕ್ಕೆ ಸಿಕ್ಕಿದ್ದು ಮೂರು ಪೊರಕೆ. ಅವು ನಿಜವಾಗಿಯೂ ಸವೆದಿದ್ದವು.

ಆ ವರ್ಷ ಕಂಪನಿ ಒಂದು ಬೇರಿಂಗನ್ನೂ ಕೊಳ್ಳಲಿಲ್ಲ, ಯಂತ್ರ ಒಂದು ದಿನವೂ ನಿಲ್ಲಲಿಲ್ಲ, ಉಗ್ರಾಣದಕ್ಕನ ಕೆಲಸ ಉಳಿಯಿತು. ಫಿಟ್ಟರುಗಳು ಮಾತ್ರ ಈಗ ಪೋರ್ಟಲ್‌ನಲ್ಲಿ ನೋಡಿಕೊಂಡೇ ಬಂದು, ಚೀಟಿ ಇಟ್ಟು, ಸಾಮಾನು ತೆಗೆದುಕೊಂಡು ನಿಂತ ಕಾಲಲ್ಲೇ ಹೊರಡುತ್ತಾರೆ. ಸ್ಟೂಲಿನ ಮೇಲೆ ಯಾರೂ ಕೂರುವುದಿಲ್ಲ.