ಜಾಲರಿ ಕಿತ್ತ ಫ್ಯಾನು

ಇಟ್ಟಿಗೆ ಗೂಡಿನ ಹೊಗೆ, ಕಿಟಕಿ ಎಳೆದರೂ ಒಳಗೆ ಬರುತ್ತದೆ, ಮಾಲೂರು ದಾಟುವವರೆಗೆ ಇದೇ ಗೋಳು, ಕೋಲಾರದ ಬಸ್ಸಿನ ತುಂಬ ಜನ, ಪಕ್ಕದ ಹೆಂಗಸು ನನ್ನ ದುಪಟ್ಟಾವನ್ನೇ ನೋಡುತ್ತಿದ್ದಾಳೆ, ಏನಮ್ಮ ರಕ್ತ, ಪೆಟ್ಟಾಯ್ತಾ, ನನ್ನದಲ್ಲ, ಆಫೀಸಿನ ನನ್ನ ಬಾಸ್ ನಂದಕಿಶೋರನದು ಅಂತ ಬಾಯಿಗೆ ಬಂದದ್ದು ನುಂಗಿದೆ — ಅವನ ಬೆರಳು ಉಳಿಯುತ್ತದೋ ಇಲ್ಲವೋ, ಉಳಿಯದಿದ್ದರೆ ಪೊಲೀಸು, ಮುಳಬಾಗಿಲ ಮನೆಯಲ್ಲಿ ನನ್ನಮ್ಮನ ಮುಖ, ಆದರೂ ಪಶ್ಚಾತ್ತಾಪ ಬರುತ್ತಿಲ್ಲ, ಬರೀ ಕೋಪ, ನನ್ನ ಜೊತೆ ಕೆಲಸ ಮಾಡುವ ಕದಿರೇಶನ ಪ್ರೋಗ್ರಾಮು ನಿಧಾನ ಅಂದನಲ್ಲ, ನೆಟ್‌ವರ್ಕಲ್ಲಿ ಬರೋ ಒಂದೊಂದು ಡೇಟಾ ಪ್ಯಾಕೆಟ್ಟಿಗೂ ಪ್ರೊಸೆಸರಿನ ಸೈಕಲ್ ದುಪ್ಪಟ್ಟು ತಿನ್ನುತ್ತೆ, ಇಂಥವನನ್ನ ಇಟ್ಕೊಂಡು ಏನ್ಮಾಡ್ಲಿ, ನಾಳೆಯಿಂದ ಬರ್ಬೇಡ, ಅದೂ ಎಲ್ಲರೆದುರು — ಲೇ ನಂದಕಿಶೋರ, ನೀನು ಅಳೆದದ್ದು ಹೇಗೆ, ಪ್ರತಿ ಪ್ಯಾಕೆಟ್ಟಿಗೂ ಹಿಂದೊಮ್ಮೆ ಮುಂದೊಮ್ಮೆ ಸೈಕಲ್ ಎಣಿಸುವ ಕೌಂಟರ್ ಓದಿದೆ, ಆ ಓದುವುದಕ್ಕೇ ಸೈಕಲ್ ಖರ್ಚಾಗುತ್ತದೆ, ಅದನ್ನೂ ಅವನ ತಲೆಗೆ ಕಟ್ಟಿದೆ, ಕ್ಯಾನಿನ ಸಮೇತ ಹಾಲು ತೂಗಿದ ಹಾಗೆ, ವಕ್ಕಲೇರಿ ಡೈರಿಗೆ ಹಾಲು ಹಾಕುವ ಕದಿರೇಶನಮ್ಮ ಬೈರಮ್ಮ ಕೇಳಿದರೂ ನಗುತ್ತಾಳೆ.

ನಾನೇ ಮತ್ತೆ ಅಳೆಯುತ್ತಿದ್ದೆ, ರಾಶಿ ಪ್ಯಾಕೆಟ್ ಒಟ್ಟಿಗೆ ಬಿಟ್ಟು ಮೊದಲೊಮ್ಮೆ ಕೊನೆಗೊಮ್ಮೆ ಮಾತ್ರ ಓದಿ ಭಾಗಿಸುತ್ತಿದ್ದೆ, ಆಚೆ ಮೇಜಿನಲ್ಲಿ ಕದಿರೇಶ ತನ್ನ ಸಾಮಾನು ಕಟ್ಟುತ್ತಿದ್ದಾನೆ, ಇನ್ನೇನು ಮುಗಿಯಬೇಕು, ನಂದಕಿಶೋರ ಬಂದ, ನಿಲ್ಸು ಮೇಧಾ, ರಿಪೋರ್ಟ್ ಹೋಗಾಯ್ತು, ನಾನು ಅಳೆದಿದ್ದು ತಪ್ಪು ಅಂತ ನಂಗೂ ಗೊತ್ತಮ್ಮ, ಈಗ ತಿದ್ದಿದ್ರೆ ನನ್ನ ಮರ್ಯಾದೆ ಏನಾಗ್ಬೇಕು, ಗೊತ್ತಿತ್ತಂತೆ, ಗೊತ್ತಿದ್ದೂ ಒಬ್ಬನ ಅನ್ನ ಕಿತ್ತ, ಲೆಕ್ಕ ಓಡುತ್ತಿದ್ದ, ಮುಚ್ಚಳ ತೆಗೆದಿಟ್ಟ ಸರ್ವರ್ ಮೆಷಿನ್ನಿನ ವೈರು ಕೀಳಲು ಕೈ ಚಾಚುತ್ತಾನೆ, ನಾನು ಮಣಿಕಟ್ಟು ಹಿಡಿದೆ, ತಡೆಯೋಕೆ ಹಿಡಿದೆ ಸಾರ್ ಅಂತ ಪೊಲೀಸರಿಗೆ ಹೇಳಬಹುದು, ತಡೆಯಲಿಲ್ಲ, ನೂಕಿದೆ, ಅದರೊಳಗೆ ಭರ್ರೆನ್ನುತ್ತಿದ್ದ ಜಾಲರಿ ಕಿತ್ತ ಫ್ಯಾನಿನೊಳಕ್ಕೆ, ಮೈಭಾರವೆಲ್ಲ ಹಾಕಿ, ಅರಚಿದ, ಇನ್ನೂ ಒತ್ತಿದೆ, ಫ್ಯಾನು ಕಚ್ಚಿಕೊಂಡು ನಿಂತಿತು — ಅಷ್ಟರಲ್ಲಿ ತೆರೆಯ ಮೇಲೆ ಲೆಕ್ಕ ಬಂತು, ನಂದಕಿಶೋರ ಹೇಳಿದ್ದರ ಅರ್ಧವೂ ಇಲ್ಲ, ನೋಡೋ ಕದಿರೇಶ, ನೀನೇ ಸರಿ ಕಣೋ, ನೋಡೋ, ಓಡಿಬಂದ ಕದಿರೇಶ ತೆರೆಯ ಕಡೆ ತಿರುಗಲೇ ಇಲ್ಲ, ಪಿಚ್ಚಾ ನೀಕು, ಹುಚ್ಚೇನೇ, ಬಿಡೇ, ಅವರ ಕೈ ಬಿಡೇ, ನನ್ನನ್ನು ಗೋಡೆಗೆ ತಳ್ಳಿ ತನ್ನ ಷರಟು ಕಳಚಿ ಆ ಕೈಗೆ ಸುತ್ತಿ ಬನಿಯನ್ನಿನಲ್ಲೇ ಅವನನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದ, ಯಾರಿಗಾಗಿ ಮಾಡಿದೆನೋ ಅವನೇ — ಈಗ ಬಸ್ಸಿನಲ್ಲಿ ಫೋನು, ಕದಿರೇಶನೇ, ಬೆರಳು ಹೋಯ್ತು ಕಣೇ, ಪೊಲೀಸ್ನೋರು ಬಂದವ್ರೆ, ನೀನೇ ನೂಕಿದ್ದು ಅಂತ ಹೇಳ್ಬಿಟ್ಟೆ, ಹೇಳದೆ ಇನ್ನೇನ್ ಮಾಡ್ಲಿ, ಕಣ್ಣಾರೆ ನೋಡಿದ್ದೀನಿ, ಹ್ಞೂಂ ಅಂದೆ, ಹ್ಞೂಂ ಕಣೋ — ಮತ್ತೆ ಕಣ್ಣ ಮುಂದೆ ಆ ಫ್ಯಾನು, ರಕ್ತ ಮೆತ್ತಿಕೊಂಡು, ತಿರುಗಲು ಒಂದಿಷ್ಟು ಎಳೆಯುತ್ತದೆ, ನಿಲ್ಲುತ್ತದೆ, ಎಳೆಯುತ್ತದೆ, ನಿಲ್ಲುತ್ತದೆ, ಎಳೆಯುತ್ತದೆ