ವಾಲ್ಟರನ ಅಪ್ಪುಗೆ

ಸಿಯಾಟಲ್‌ನ ಆ ಕಂಪನಿಯಲ್ಲಿ ಡಾರ್ಲಾಳ ಕೆಲಸ ಅಪ್ಪುಗೆ ತಯಾರಿಸುವುದು. ಹೌದು ಮತ್ತೆ, ಪುಣ್ಯಾತ್ಮರು ಅದಕ್ಕೂ ಒಂದು ಕಂಪನಿ ಇಟ್ಟಿದ್ದರು! ಕಣ್ಣಿಗೆ ಕನ್ನಡಕ, ಮೈಗೆ ದಪ್ಪ ಅಂಗಿ. ಸಾವಿರ ಮೈಲಿ ಆಚೆ ಒಬ್ಬರು ಕೈ ಚಾಚಿದರೆ ಇಲ್ಲಿ ಅಂಗಿಯೊಳಗಿನ ಗಾಳಿಚೀಲಗಳು ಉಬ್ಬಿ ತಬ್ಬಿಕೊಳ್ಳುತ್ತಿದ್ದವು. ಇನ್ನೂರು ಇಂಜಿನಿಯರುಗಳು ದಿನವಿಡೀ ಬರೀ ಗಾಳಿಯನ್ನು ಅಪ್ಪುತ್ತಿದ್ದರು. ಊಟದ ಹೊತ್ತಿಗೆ ಎದುರು ಸಿಕ್ಕವರ ಕೈ ಕುಲುಕಲು ಮಾತ್ರ ಅವರಿಗೆ ಎಲ್ಲಿಲ್ಲದ ಮುಜುಗರ.

ತಾಯಿ ಮಾರ್ಲಿಸ್ ಇದ್ದದ್ದು ದೂರದ ಡುಲೂತ್ ಊರಿನಲ್ಲಿ. ಕಂಪನಿಯ ಪ್ರದರ್ಶನವಿದೆಯೆಂದು ಡಾರ್ಲಾ ಅಪ್ಪನ ಅಂತ್ಯಕ್ರಿಯೆಗೆ ಅರ್ಧ ದಿನವಷ್ಟೇ ಹೋಗಿ ಬಂದಿದ್ದಳು. ಅಂದಿನಿಂದ ಎರಡು ವರ್ಷ ತಾಯಿ ಮಾತು ಬಿಟ್ಟಿದ್ದಳು. ಹೇಗಾದರೂ ಅವಳ ಮನಸ್ಸು ಕರಗಲೆಂದು ಡಾರ್ಲಾ ಒಂದು ಅಂಗಿ ಕಳಿಸಿದಳು.

ಭಾನುವಾರ ಚರ್ಚ್ ಮುಗಿಸಿ ಬಂದು ಮಾರ್ಲಿಸ್ ಅದನ್ನು ತೊಟ್ಟಳು. ಡಾರ್ಲಾ ಕೈ ಚಾಚಿದಳು. ಆ ಕಡೆ ಅಂಗಿಯ ಗಾಳಿಚೀಲಗಳು ಉಬ್ಬಿ ಮಾರ್ಲಿಸ್‌ಳನ್ನು ತಬ್ಬಿಕೊಂಡವು.

"ಅಮ್ಮಾ, ಬಿಗಿಯಾಯ್ತಾ?"

"ಸುಮ್ನಿರೇ, ಬಿಡಬೇಡ." ಮುದುಕಿ ಅಂದಳು. "ಇಷ್ಟು ವರ್ಷ ನೀನು ತಬ್ಬಿದ್ದೆಲ್ಲ ಬಸ್ಸು ತಪ್ಪಿಹೋಗುತ್ತೆ ಅನ್ನೋರ ಥರ. ಬೆನ್ನಿಗೆ ಎರಡು ತಟ್ಟು, ಆಮೇಲೆ ನಾಪತ್ತೆ. ಇವತ್ತು ನೋಡು, ನಿಂಗೆ ಹೊರಡೋ ಅವಸರಾನೇ ಇಲ್ಲ!"

ಡಾರ್ಲಾ ಬಿಕ್ಕಿ ಬಿಕ್ಕಿ ಅತ್ತಳು.

ಸೋಮವಾರ ಆಫೀಸಿನಲ್ಲಿ ಗುಟ್ಟು ಗೊತ್ತಾಯಿತು. ಬಳಸುವ ಪ್ರತಿಯೊಬ್ಬರೂ ಮೊದಲು ತಮ್ಮ ಅಪ್ಪುಗೆಯನ್ನು ಯಂತ್ರಕ್ಕೆ ಕಲಿಸಬೇಕು. ಕಂಪನಿಯವರು ಮಾತ್ರ ಆ ತಂಟೆಗೇ ಹೋಗದೆ, ಅದರಲ್ಲಿ ಮೊದಲೇ ತುಂಬಿದ್ದ ಮಾದರಿ ಅಪ್ಪುಗೆಯಲ್ಲೇ ದಿನ ದೂಡುತ್ತಿದ್ದರು. ಡಾರ್ಲಾಳೂ ಅದೇ ರೂಢಿಯಲ್ಲಿ ತನ್ನ ಅಪ್ಪುಗೆ ಕಲಿಸುವುದನ್ನು ಮರೆತಿದ್ದಳು. ಆ ಮಾದರಿ ಪ್ರಯೋಗಶಾಲೆಯ ರಬ್ಬರ್ ಬೊಂಬೆ ವಾಲ್ಟರನದು. ನೌಕರರ ಮೈ ಮುಟ್ಟಿ ಅಳತೆ ತೆಗೆದರೆ ಕೇಸು ಬಿದ್ದೀತೆಂದು ವಕೀಲರು ಹೆದರಿದ್ದರು. ವಾಲ್ಟರನಿಗೆ ಹೊರಡುವ ಅವಸರ ಎಲ್ಲಿಂದ ಬರಬೇಕು? ಅವನಿಗೆ ಕಾಲೇ ಇರಲಿಲ್ಲ.

"ಅಮ್ಮನಿಗೆ ಹೇಳ್ತೀಯಾ?" ಪಕ್ಕದ ಮೇಜಿನ ಟ್ರೆವರ್ ಕೇಳಿದ.

"ತಲೆ ಕೆಟ್ಟಿದೆಯಾ ನಿಂಗೆ?"

ನವೆಂಬರಿನ ಹಬ್ಬಕ್ಕೆ ಅವಳೇ ಡುಲೂತ್‌ಗೆ ಹೋದಳು. ವಿಮಾನದಲ್ಲಿ ಉದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದಳು: ನಿಧಾನ, ನಿಧಾನ. ಬಾಗಿಲು ತೆರೆಯಿತು. ಅವಳು ಅಮ್ಮನನ್ನು ತಬ್ಬಿಕೊಂಡಳು. ಹಾಳು ಕೈ ತಾನಾಗಿಯೇ ಬೆನ್ನಿಗೆ ಎರಡು ಸಲ ತಟ್ಟಿತು.

ಮಾರ್ಲಿಸ್ ಹಿಂದೆ ಸರಿದು ಮಗಳ ಕೆನ್ನೆ ಸವರಿದಳು.

"ಇರ್ಲಿ ಬಿಡು, ಪ್ರಯಾಣ ಮಾಡಿ ದಣಿದಿದ್ದೀಯ. ವಾಪಸ್ ಸಿಯಾಟಲ್‌ಗೆ ಹೋದ್ಮೇಲೆ ಸರಿಯಾಗಿ ತಬ್ಬಿಕೊಳ್ಳುವಿಯಂತೆ."